ಕೌನ್ಸಿಲ್ ಮನೆಗೆ ಅರ್ಜಿ ಹಾಕಲು ನಾಚಿಕೆಯೇಕೆ?

ನಮ್ಮ ಸಂಘದ ಯುಗಾದಿ, ದೀಪಾವಳಿ ಕೂಟಗಳಲ್ಲಿ ಮನೆಯ ಮಾತು ಬಾರದೆ ಇರುವುದಿಲ್ಲ. ಹ್ಯಾರೋದಲ್ಲಿ ಯಾರು ಮನೆ ಕೊಂಡರು, ಯಾರಿಗೆ ಎಷ್ಟು ಬಡ್ಡಿಗೆ ಮಾರ್ಟ್‌ಗೇಜು ಸಿಕ್ಕಿತು, ಹಿತ್ತಲ ಕಡೆಗೆ ಯಾರು ಇನ್ನೊಂದು ಕೋಣೆ ಎಳೆಸಿದರು - ಇವೆಲ್ಲ ಗಟ್ಟಿ ದನಿಯ ಮಾತುಗಳು. ಅದೇ ಕೂಟಕ್ಕೆ ಬರುವ ಇನ್ನು ಕೆಲವರಿದ್ದಾರೆ. ವೆಂಬ್ಲಿಯ ಯಾವುದೋ ಮನೆಯ ಒಂದೇ ಕೋಣೆಯಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು ಇರುವವರು. ಗೋದಾಮಿನಲ್ಲೋ, ವೃದ್ಧರ ಆರೈಕೆಯಲ್ಲೋ, ಹೋಟೆಲಿನ ಅಡುಗೆ ಮನೆಯಲ್ಲೋ ದುಡಿದು, ಬಂದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬಾಡಿಗೆಗೆ ಸುರಿಯುವವರು. ಅವರು ಮನೆಯ ಮಾತು ಬಂದಾಗ ಮೆಲ್ಲನೆ ಪಕ್ಕಕ್ಕೆ ಸರಿಯುತ್ತಾರೆ. "ಕೌನ್ಸಿಲಿಗೆ ಅರ್ಜಿ ಹಾಕಿದ್ದೀರಾ?" ಎಂದು ಕೇಳಿದರಂತೂ, ಕೇಳಬಾರದ್ದನ್ನು ಕೇಳಿದಂತೆ ಮುಖ ನೋಡುತ್ತಾರೆ. "ಛೇ, ಅಷ್ಟರ ಮಟ್ಟಿಗೆ ಬಂದಿಲ್ಲ" ಎಂಬ ಉತ್ತರ.

ಈ "ಅಷ್ಟರ ಮಟ್ಟಿಗೆ" ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ. ಈ ನಾಚಿಕೆ ನಮ್ಮ ಕಡಿಮೆ ವರಮಾನದ ಕುಟುಂಬಗಳಿಗೆ ನಿಜವಾದ ನಷ್ಟವನ್ನುಂಟುಮಾಡುತ್ತಿದೆ. ಅದನ್ನು ಹೋಗಲಾಡಿಸುವ ಕೆಲಸದಲ್ಲಿ ಸ್ವಂತ ಮನೆಯುಳ್ಳ ಸದಸ್ಯರ ಪಾಲು ಅರ್ಜಿ ಹಾಕಬೇಕಾದವರ ಪಾಲಿಗಿಂತ ಹೆಚ್ಚಿನದು. ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.

ಸೈಟು ಅಲಾಟ್ ಆದರೆ ಪೇಡೆ, ಇಲ್ಲಿ ಮುಜುಗರ

ಬೆಂಗಳೂರಿನಲ್ಲಿ ಬಿ.ಡಿ.ಎ. ಸೈಟು ಅಲಾಟ್ ಆಯಿತೆಂದರೆ ಮನೆಯವರು ಏನು ಮಾಡುತ್ತಿದ್ದರು? ಬೀದಿಗೆಲ್ಲ ಪೇಡೆ ಹಂಚುತ್ತಿದ್ದರು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವಾಯಿತು. ಮೈಸೂರಿನಲ್ಲಂತೂ ಇಂಥ ಬೋರ್ಡು 1903ರಷ್ಟು ಹಿಂದೆಯೇ ಇತ್ತು. ಸರ್ಕಾರ ನೆಲವನ್ನು ವಶಪಡಿಸಿಕೊಂಡು, ಬಡಾವಣೆ ಮಾಡಿ, ಪೇಟೆಯ ಬೆಲೆಗಿಂತ ಕಡಿಮೆಗೆ ಹಂಚಿತು. ಯಾರಿಗೆ ಕೊಡಬೇಕೆಂಬುದಕ್ಕೆ ನಿಯಮ: ಇಲ್ಲಿ ಇಷ್ಟು ವರ್ಷ ವಾಸವಿರಬೇಕು, ಬೇರೆ ಮನೆ ಇರಬಾರದು, ಹಿಂದೆ ಎಷ್ಟು ಸಲ ಅರ್ಜಿ ಹಾಕಿ ಸಿಕ್ಕಿಲ್ಲವೆಂಬುದೂ ಲೆಕ್ಕಕ್ಕೆ. ನಮ್ಮಲ್ಲಿ ಅನೇಕರ ತಂದೆ ತಾಯಿಯರು ಇಂಥ ಸೈಟಿನ ಮೇಲೆಯೇ ಮನೆ ಕಟ್ಟಿಸಿದರು. ಇನ್ನು ಕೆಲವರು ಗೃಹ ಮಂಡಲಿಯ ಮನೆಯಲ್ಲೋ, ಸರ್ಕಾರಿ ಕ್ವಾರ್ಟರ್ಸಿನಲ್ಲೋ ಬೆಳೆದರು. ಹಳ್ಳಿಗಾಡಿನಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳನ್ನು ಕಂಡವರೂ ನಮ್ಮ ನಡುವೆ ಇದ್ದಾರೆ. ಅದು ಭಿಕ್ಷೆಯೆಂದು ಯಾರೂ ತಿಳಿಯಲಿಲ್ಲ. ಸರದಿ ಬಂತು, ಸಿಕ್ಕಿತು, ಅಷ್ಟೆ.

ಕೌನ್ಸಿಲ್ ಮನೆಯೂ ಇದೇ ಜಾತಿಯದು. ಸಾರ್ವಜನಿಕರ ಹಣದಿಂದ ಕಟ್ಟಿದ್ದು, ಪೇಟೆಯ ಬಾಡಿಗೆಗಿಂತ ಕಡಿಮೆಗೆ, ಅಗತ್ಯ ನೋಡಿ ಕೊಡುವಂಥದು. ವ್ಯತ್ಯಾಸ ಇಷ್ಟೆ: ಅಲ್ಲಿ ಸೈಟು ನಮ್ಮದೇ ಆಗುತ್ತಿತ್ತು, ಇಲ್ಲಿ ಬಾಡಿಗೆ ಕೊಡುತ್ತಲೇ ಇರಬೇಕು. ಹಾಗೆ ನೋಡಿದರೆ ಸರ್ಕಾರದಿಂದ ಹೆಚ್ಚು ಪಡೆದವರು ಸೈಟಿನವರೇ!

ಈ ನಾಚಿಕೆ ಎಲ್ಲಿಂದ ಬಂತು?

ಇಂಗ್ಲೆಂಡಿನಲ್ಲಿ ಕೌನ್ಸಿಲುಗಳು ದೊಡ್ಡ ಪ್ರಮಾಣದಲ್ಲಿ ಮನೆ ಕಟ್ಟತೊಡಗಿದ್ದು 1919ರ ಕಾಯಿದೆಯ ನಂತರ. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಯೋಗ್ಯ ಮನೆ ಬೇಕೆಂಬುದು ಅಂದಿನ ಘೋಷಣೆ. ಎರಡನೆಯ ಯುದ್ಧದ ನಂತರ ಈ ಕೆಲಸ ಇನ್ನೂ ಭರದಿಂದ ಸಾಗಿತು. ಆಗ ಆ ಮನೆಗಳಲ್ಲಿದ್ದವರು ಗುಮಾಸ್ತರು, ಬಸ್ ಕಂಡಕ್ಟರುಗಳು, ಕಾರ್ಖಾನೆಯ ಕುಶಲ ಕೆಲಸಗಾರರು. ಅವರಾರೂ ತಲೆ ತಗ್ಗಿಸಿ ನಡೆಯಲಿಲ್ಲ.

ನಮ್ಮ ಭಾರತೀಯರ ಅನುಭವ ಬೇರೆ. 1950, 60ರ ದಶಕಗಳಲ್ಲಿ ಇಲ್ಲಿಗೆ ಬಂದವರು "ಬಣ್ಣದವರಿಗೆ ಕೊಡುವುದಿಲ್ಲ" ಎಂಬ ಬೋರ್ಡುಗಳನ್ನು ಕಂಡರು. ಜನಾಂಗ ಭೇದವನ್ನು ತಡೆಯಲು 1965ರಲ್ಲಿ ಬಂದ ಮೊದಲ ಕಾಯಿದೆ ಮನೆ ಬಾಡಿಗೆಯ ವಿಷಯವನ್ನು ಬಹುಮಟ್ಟಿಗೆ ಮುಟ್ಟಲಿಲ್ಲ. ಅದು ಕಾನೂನಿನ ವ್ಯಾಪ್ತಿಗೆ ಬಂದದ್ದು 1968ರಲ್ಲಿ. ಅನೇಕ ಊರುಗಳಲ್ಲಿ ಕೌನ್ಸಿಲಿನ ಪಟ್ಟಿ ಸೇರಲು ಇಂತಿಷ್ಟು ವರ್ಷ ವಾಸವಿರಬೇಕೆಂಬ ನಿಯಮ ಹೊಸಬರನ್ನು ಹೊರಗಿಟ್ಟಿತು. ಆದ್ದರಿಂದ ನಮ್ಮವರು ಚೀಟಿ ಹಾಕಿ, ನಂಟರಲ್ಲಿ ಸಾಲ ಮಾಡಿ, ನಾಲ್ಕು ಜನ ಸೇರಿ ಹಳೆಯ ಮನೆಗಳನ್ನು ಕೊಂಡರು. 1968ರ ಸುಮಾರಿಗೆ ಕೀನ್ಯಾದಿಂದ, 1972ರಲ್ಲಿ ಉಗಾಂಡದಿಂದ ಬಂದ ಗುಜರಾತಿಗಳು ವೆಂಬ್ಲಿಯ ಈಲಿಂಗ್ ರೋಡನ್ನು ಇಂದಿನ ಸ್ಥಿತಿಗೆ ತಂದದ್ದೂ ಇಂಥ ಪರಿಶ್ರಮದಿಂದಲೇ. ಅಂದರೆ ಸ್ವಂತ ಮನೆ ಎಂಬುದು ಮೊದಲು ನಮಗೆ ಬೇರೆ ದಾರಿಯಿಲ್ಲದ್ದರಿಂದ ಬಂದದ್ದು. ಕಾಲಕ್ರಮೇಣ ಅದು ಅಂತಸ್ತಿನ ಗುರುತಾಯಿತು. ಅಂದು ಬಾಗಿಲು ಮುಚ್ಚಿದ್ದರಿಂದ ಕಲಿತ ಅಭ್ಯಾಸವನ್ನು, ಬಾಗಿಲು ಅಷ್ಟಿಷ್ಟು ತೆರೆದ ಮೇಲೂ ನಾವು ಬಿಟ್ಟಿಲ್ಲ.

ಮನೆ ಕಡಿಮೆ, ಹೆಸರು ಹಲವು

ಬಾಗಿಲು ಪೂರ್ತಿ ತೆರೆದಿದೆಯೆಂದು ಸುಳ್ಳು ಭರವಸೆ ಕೊಡಲಾರೆ. 1980ರ ಕಾಯಿದೆ ಕೌನ್ಸಿಲ್ ಮನೆಯಲ್ಲಿದ್ದವರಿಗೆ ಅದನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಅಂದಿನಿಂದ ಇಂಗ್ಲೆಂಡಿನಲ್ಲಿ ಸುಮಾರು 20 ಲಕ್ಷ ಮನೆಗಳು ಹೀಗೆ ಮಾರಾಟವಾದವು. ಅವುಗಳ ಜಾಗದಲ್ಲಿ ಅಷ್ಟೇ ಹೊಸ ಮನೆಗಳು ಏಳಲಿಲ್ಲ. 2024ರಲ್ಲಿ ಇಂಗ್ಲೆಂಡಿನ ಕೌನ್ಸಿಲ್ ಪಟ್ಟಿಗಳಲ್ಲಿ ಕಾಯುತ್ತಿದ್ದ ಕುಟುಂಬಗಳು 13 ಲಕ್ಷಕ್ಕೂ ಹೆಚ್ಚು. ಲಂಡನ್ನಿನಲ್ಲಿ ದೊಡ್ಡ ಮನೆ ಬೇಕಾದವರು ಹತ್ತು ವರ್ಷಕ್ಕೂ ಹೆಚ್ಚು ಕಾಯುವುದು ಅಪರೂಪವಲ್ಲ.

ವೆಂಬ್ಲಿಯನ್ನೇ ನೋಡಿ. 1965ರಲ್ಲಿ ವೆಂಬ್ಲಿ, ವಿಲ್ಸ್‌ಡನ್ ಎರಡೂ ಸೇರಿ ಬ್ರೆಂಟ್ ಆದವು. ಆ ಹೊಸ ಕೌನ್ಸಿಲಿನ ಕಾಲದಲ್ಲಿ ವೆಂಬ್ಲಿ ಪಾರ್ಕಿನ ಹತ್ತಿರ ಚಾಕ್‌ಹಿಲ್ ಎಂಬ ದೊಡ್ಡ ಎಸ್ಟೇಟು ಎದ್ದಿತು. ಕಾಂಕ್ರೀಟಿನ ಅಚ್ಚುಗಳನ್ನು ಜೋಡಿಸಿ ಕಟ್ಟಿದ, ಉದ್ದನೆಯ ಮೇಲ್ದಾರಿಗಳಿದ್ದ ಆ ಕಟ್ಟಡಗಳು ಮೂರು ದಶಕ ಬಾಳಿದ ಮೇಲೆ ಕೆಡವಲ್ಪಟ್ಟು, ಮೆಟ್ರೊಪಾಲಿಟನ್ ಎಂಬ ವಸತಿ ಸಂಸ್ಥೆಯ ಕೈಯಲ್ಲಿ ಹೊಸ ಮನೆಗಳಾದವು. ಅತ್ತ 1924ರ ಸಾಮ್ರಾಜ್ಯ ಪ್ರದರ್ಶನ ನಡೆದ ನೆಲದಲ್ಲಿ, ಸ್ಟೇಡಿಯಂ ಸುತ್ತ, ಇಂದು ಬಾಡಿಗೆಗೆಂದೇ ಕಟ್ಟಿದ ಗೋಪುರಗಳು ನಿಂತಿವೆ. ಅವುಗಳ ನೆರಳಿನಲ್ಲೇ 2013ರಲ್ಲಿ ತೆರೆದ ಬ್ರೆಂಟ್ ಸಿವಿಕ್ ಸೆಂಟರ್ ಇದೆ.

ಹೊಸ ಕಟ್ಟಡಗಳ ಜಾಹೀರಾತಿನಲ್ಲಿ "ಅಫೋರ್ಡಬಲ್" ಎಂಬ ಪದ ಕಂಡು ನಮ್ಮವರು ಮೋಸಹೋಗುವುದುಂಟು. ಆ ಒಂದು ಪದದೊಳಗೆ ಹಲವು ಬಗೆಗಳಿವೆ. "ಸೋಷಿಯಲ್ ರೆಂಟ್" ಎಂದರೆ ಸರ್ಕಾರದ ಸೂತ್ರದಂತೆ ಕಟ್ಟಿದ, ಎಲ್ಲಕ್ಕಿಂತ ಕಡಿಮೆಯ ಬಾಡಿಗೆ. 2011ರಲ್ಲಿ ಬಂದ "ಅಫೋರ್ಡಬಲ್ ರೆಂಟ್" ಪೇಟೆಯ ಬಾಡಿಗೆಯ ನೂರಕ್ಕೆ 80ರವರೆಗೂ ಹೋಗಬಹುದು. ಪೇಟೆಯಲ್ಲಿ 2000 ಪೌಂಡು ಇದ್ದರೆ ಇದು 1600 ಆಗಬಹುದು. "ಲಂಡನ್ ಲಿವಿಂಗ್ ರೆಂಟ್" ಮಧ್ಯಮ ವರಮಾನದವರಿಗೆ, ಮುಂದೆ ಮನೆ ಕೊಳ್ಳಲು ಹಣ ಕೂಡಿಡಲೆಂದು ಮಾಡಿದ್ದು. "ಷೇರ್ಡ್ ಓನರ್‌ಷಿಪ್" ಎಂದರೆ ಒಂದು ಪಾಲು ಕೊಂಡು, ಉಳಿದದ್ದಕ್ಕೆ ಬಾಡಿಗೆ ಮತ್ತು ನಿರ್ವಹಣೆಯ ಖರ್ಚು ಎರಡನ್ನೂ ಕೊಡುವುದು. ಕಡಿಮೆ ವರಮಾನದವರು ಕೇಳಬೇಕಾದ ಮೊದಲ ಪ್ರಶ್ನೆ: "ಇದು ಸೋಷಿಯಲ್ ರೆಂಟೋ, ಬೇರೆಯೋ?" ಹೀಗೆ ಕೇಳಲು ನಾಚಿಕೊಂಡವರು ಕೈಗೆಟುಕದ ಬಾಡಿಗೆಗೆ ರುಜು ಹಾಕಿ ಕಷ್ಟಕ್ಕೆ ಸಿಲುಕುತ್ತಾರೆ.

ಯಾರು ಅರ್ಜಿ ಹಾಕಬಹುದು?

ಇದನ್ನು ಸ್ಪಷ್ಟವಾಗಿ ಹೇಳಲೇಬೇಕು; ಏಕೆಂದರೆ ತಪ್ಪು ಸಲಹೆಯಿಂದ ವೀಸಾಕ್ಕೇ ಕುತ್ತು ಬರಬಹುದು. ವಿದ್ಯಾರ್ಥಿ ವೀಸಾ, ಕೆಲಸದ ವೀಸಾಗಳ ಮೇಲೆ ಸಾಮಾನ್ಯವಾಗಿ "ಸಾರ್ವಜನಿಕ ನಿಧಿಯ ನೆರವಿಲ್ಲ" ಎಂಬ ಷರತ್ತಿರುತ್ತದೆ. ಅಂಥವರು ಕೌನ್ಸಿಲ್ ಮನೆಯ ಪಟ್ಟಿಗೆ ಸೇರುವಂತಿಲ್ಲ. 2022ರಿಂದ ಆರೈಕೆ ಕೆಲಸದ ವೀಸಾದಲ್ಲಿ ಬಂದವರಿಗೂ ಇದೇ ನಿಯಮ. ಆದರೆ ಈ ಷರತ್ತಿನ ಕುಟುಂಬ ಬೀದಿಗೆ ಬೀಳುವ ಸ್ಥಿತಿಯಲ್ಲಿದ್ದು ಮನೆಯಲ್ಲಿ ಮಕ್ಕಳಿದ್ದರೆ, 1989ರ ಮಕ್ಕಳ ಕಾಯಿದೆಯ 17ನೆಯ ವಿಧಿಯಂತೆ ಕೌನ್ಸಿಲಿನ ಮಕ್ಕಳ ವಿಭಾಗವನ್ನು ಕೇಳಬಹುದು. ಕೇಳುವ ಮೊದಲು ಕಾನೂನು ಬಲ್ಲವರ ಸಲಹೆ ಪಡೆಯುವುದು ಕ್ಷೇಮ.

ಖಾಯಂ ವಾಸದ ಅನುಮತಿ ದೊರೆತವರೂ ಬ್ರಿಟಿಷ್ ಪೌರರೂ ಅರ್ಜಿ ಹಾಕಬಹುದು. ಇಲ್ಲಿ ನಮ್ಮವರಿಗೆ ಮುಖ್ಯವಾದ ಒಂದು ವಿನಾಯಿತಿಯುಂಟು. ಮಗನೋ ಮಗಳೋ "ಇವರ ಊಟ ವಸತಿಗೆ ನಾನೇ ಹೊಣೆ" ಎಂದು ಸರ್ಕಾರಕ್ಕೆ ಬರೆದುಕೊಟ್ಟು ಊರಿಂದ ಕರೆಸಿಕೊಂಡ ತಂದೆ ತಾಯಿಯರು ಮೊದಲ 5 ವರ್ಷ ಈ ನೆರವಿಗೆ ಅರ್ಹರಲ್ಲ. ಬರೆದುಕೊಟ್ಟವರು ತೀರಿಹೋದರೆ ಮಾತ್ರ ಬೇರೆ ಮಾತು. ಐದು ವರ್ಷ ಕಳೆದ ಮೇಲೆ ಅವರೂ ಅರ್ಜಿ ಹಾಕಬಹುದು. ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲ.

ಇನ್ನೊಂದು ಎಚ್ಚರಿಕೆ. ಊರಿನಲ್ಲಿರುವ ಮನೆ, ಸೈಟು, ಜಮೀನು ಇವನ್ನು ಬಚ್ಚಿಡಬಾರದು. "ಅದು ಇಂಡಿಯಾದಲ್ಲಿದೆ, ಇವರಿಗೇನು ಗೊತ್ತಾಗುತ್ತದೆ" ಎಂಬುದು ಅಪಾಯಕರ ಬುದ್ಧಿವಂತಿಕೆ. ಹೊರದೇಶದ ಆಸ್ತಿಯೂ ಆಸ್ತಿಯೇ. ಬಾಡಿಗೆ ನೆರವಿಗೆ ಸಾಮಾನ್ಯವಾಗಿ 16,000 ಪೌಂಡಿನ ಮಿತಿಯಿದೆ. ಅರ್ಜಿಯಲ್ಲಿ ಬೇಕೆಂದೇ ಸುಳ್ಳು ಹೇಳುವುದು 1996ರ ವಸತಿ ಕಾಯಿದೆಯಂತೆ ಅಪರಾಧ. ಸಿಕ್ಕಿದ ಮನೆಯನ್ನು ಇನ್ನೊಬ್ಬರಿಗೆ ಬಾಡಿಗೆಗೆ ಕೊಟ್ಟು ಲಾಭ ಮಾಡುವುದು 2013ರ ಕಾಯಿದೆಯಂತೆ ಅಪರಾಧ. ಹಕ್ಕನ್ನು ಕೇಳಲು ನಾಚಬೇಕಿಲ್ಲ, ಸುಳ್ಳಿಗೆ ನಾಚಬೇಕು.

ಅರ್ಜಿಯ ದಾರಿ

ಕೌನ್ಸಿಲ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಮೊದಲು ಎಂಬ ಸರಳ ಸಾಲಿಲ್ಲ. ಮನೆಯಿಲ್ಲದವರು, ಇಕ್ಕಟ್ಟಿನಲ್ಲಿ ಅಥವಾ ಆರೋಗ್ಯಕ್ಕೆ ಕೆಟ್ಟ ಮನೆಯಲ್ಲಿರುವವರು, ಕಾಯಿಲೆ ಅಂಗವೈಕಲ್ಯಗಳಿಂದ ಬೇರೆ ಮನೆ ಬೇಕಾದವರು, ಬೇರೆಡೆಗೆ ಹೋಗದಿದ್ದರೆ ತೀವ್ರ ಕಷ್ಟಕ್ಕೆ ಸಿಲುಕುವವರು - ಇವರಿಗೆ ಆದ್ಯತೆ ಕೊಡಬೇಕೆಂದು 1996ರ ಕಾಯಿದೆ ಹೇಳುತ್ತದೆ. ಅಗತ್ಯದ ತೀವ್ರತೆ ನೋಡಿ "ಬ್ಯಾಂಡ್" ಎಂಬ ಪಂಕ್ತಿಗಳಲ್ಲಿ ಕೂರಿಸುತ್ತಾರೆ. ಬ್ರೆಂಟಿನಲ್ಲಿ ಖಾಲಿಯಾದ ಮನೆಗಳು ಲೊಕಾಟ ಎಂಬ ವ್ಯವಸ್ಥೆಯಲ್ಲಿ ಪ್ರಕಟವಾಗುತ್ತವೆ; ಪಟ್ಟಿಯಲ್ಲಿರುವವರು ತಮಗೆ ತಕ್ಕದ್ದಕ್ಕೆ "ಬಿಡ್" ಮಾಡಬೇಕು. ಹರಾಜಿನಂತೆ ಹಣ ಕೂಗುವುದಲ್ಲ, "ಇದು ನಮಗೆ ಬೇಕು" ಎಂದು ಹೆಸರು ಕೊಡುವುದು. ಹೆಸರು ಕೊಟ್ಟವರಲ್ಲಿ ಮೇಲಿನ ಪಂಕ್ತಿಯವರಿಗೆ, ಒಂದೇ ಪಂಕ್ತಿಯಲ್ಲಿ ಹೆಚ್ಚು ಕಾಲ ಕಾದವರಿಗೆ ಮನೆ. ವಸತಿ ಸಂಸ್ಥೆಗಳ ಬಹುಪಾಲು ಮನೆಗಳಿಗೂ ಕೌನ್ಸಿಲ್ ಪಟ್ಟಿಯೇ ದಾರಿ. 2011ರ ಕಾಯಿದೆಯ ನಂತರ, ಪಟ್ಟಿಗೆ ಯಾರು ಸೇರಬಹುದು, ಎಷ್ಟು ವರ್ಷ ಸ್ಥಳೀಯ ವಾಸವಿರಬೇಕು ಎಂಬುದನ್ನು ಆಯಾ ಕೌನ್ಸಿಲೇ ಗೊತ್ತುಮಾಡುತ್ತದೆ. ನಿಯಮ ಆಗಾಗ ಬದಲಾಗುವುದರಿಂದ, ಗೆಳೆಯರು ಹೇಳಿದ್ದನ್ನು ನಂಬದೆ ಕೌನ್ಸಿಲಿನ ಹಂಚಿಕೆ ನಿಯಮಾವಳಿಯನ್ನೇ ಓದಬೇಕು.

ಮನೆ ಬಿಡಬೇಕಾದ ಸಂದರ್ಭ ಬಂದರೆ ದಾರಿ ಬೇರೆ. ಮನೆಯಿಲ್ಲದವರ ಹೊಣೆಯನ್ನು ಕೌನ್ಸಿಲುಗಳ ವಸತಿ ವಿಭಾಗದ ಮೇಲೆ ಮೊದಲು ಹೊರಿಸಿದ್ದು 1977ರ ಕಾಯಿದೆ. 2018ರ ಏಪ್ರಿಲಿನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯಂತೆ, 56 ದಿನಗಳೊಳಗೆ ಮನೆ ಕಳೆದುಕೊಳ್ಳುವ ಭಯವಿದ್ದರೆ ಆಗಲೇ ಕೌನ್ಸಿಲ್ ನೆರವಿಗೆ ಬರಬೇಕು. ಸಾಮಾನು ಬೀದಿಗೆ ಬರುವವರೆಗೆ ಕಾಯಬೇಕಿಲ್ಲ. ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ಮರ್ಯಾದೆಗೆ ಅಂಜಿ, ಮನೆಯ ಮಾಲೀಕರು ಹೇಳಿದ ದಿನವೇ ಬೀಗ ಒಪ್ಪಿಸಿ, ಯಾರದೋ ಹಜಾರದಲ್ಲಿ ಹಾಸಿಗೆ ಹಾಸುವುದು. ಉಳಿಯುವ ಹಕ್ಕಿದ್ದೂ ತಾನಾಗಿ ಬಿಟ್ಟು ಬಂದವರನ್ನು "ಬೇಕೆಂದೇ ಮನೆ ಕಳೆದುಕೊಂಡವರು" ಎಂದು ಕೌನ್ಸಿಲ್ ತೀರ್ಮಾನಿಸಬಹುದು. ಆಗ ದೊರಕಬಹುದಾದ ನೆರವು ಬಹಳ ಕುಗ್ಗುತ್ತದೆ. ನೋಟಿಸು ಬಂದ ದಿನವೇ ಅದನ್ನು ಕೈಯಲ್ಲಿ ಹಿಡಿದು ಸಲಹೆ ಕೇಳಬೇಕು, ಬಾಡಿಗೆ ಕಟ್ಟುವುದನ್ನು ನಿಲ್ಲಿಸಬಾರದು. ಕಾರಣ ಹೇಳದೆ ಮನೆ ಬಿಡಿಸುವ 21ನೆಯ ವಿಧಿಯ ನೋಟಿಸಿಗೆ 2025ರ ಬಾಡಿಗೆದಾರರ ಹಕ್ಕುಗಳ ಕಾಯಿದೆ ಕೊನೆ ಹಾಡಿದೆ. ಅದಕ್ಕೆ ಗೊತ್ತುಮಾಡಿದ ದಿನ 2026ರ ಮೇ 1.

ಕೌನ್ಸಿಲ್ "ಇಲ್ಲ" ಎಂದರೆ ಅದೇ ಕೊನೆಯ ಮಾತಲ್ಲ. ಮನೆಯಿಲ್ಲದವರ ಅರ್ಜಿಯ ಮೇಲಿನ ತೀರ್ಮಾನದ ಪತ್ರ ಕೈಸೇರಿದ 21 ದಿನಗಳೊಳಗೆ ಮರುಪರಿಶೀಲನೆ ಕೇಳಬಹುದು. ಕೊಟ್ಟ ಮನೆ ಸರಿಯಿಲ್ಲವೆಂದು ಅನಿಸಿದರೂ ಥಟ್ಟನೆ ಬೇಡವೆನ್ನಬಾರದು. ಸಾಮಾನ್ಯವಾಗಿ ಒಪ್ಪಿಕೊಂಡು ಒಳಗೆ ಹೋಗಿ, ಜೊತೆಗೇ ಮರುಪರಿಶೀಲನೆ ಕೇಳುವುದು ಜಾಣತನ. ಲಂಡನ್ನಿನ ಕೌನ್ಸಿಲುಗಳು ಕುಟುಂಬಗಳನ್ನು ಬಹು ದೂರದ ಊರುಗಳಿಗೆ ಕಳುಹಿಸುವುದುಂಟು. ವೆಸ್ಟ್‌ಮಿನ್ಸ್ಟರ್ ಕೌನ್ಸಿಲ್ ಒಬ್ಬ ತಾಯಿಗೂ ಮಕ್ಕಳಿಗೂ ಮಿಲ್ಟನ್ ಕೀನ್ಸ್ ಹತ್ತಿರ ಮನೆ ತೋರಿಸಿದ ಪ್ರಕರಣ 2015ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಹತ್ತಿರದಲ್ಲಿ ಏಕೆ ಮನೆ ಕೊಡಲಾಗಲಿಲ್ಲವೆಂಬುದಕ್ಕೆ ಕೌನ್ಸಿಲ್ ಸರಿಯಾದ ಕಾರಣ ತೋರಿಸಬೇಕೆಂದು ಕೋರ್ಟು ತಾಯಿಯ ಪರವಾಗಿ ತೀರ್ಪಿತ್ತಿತು. ಆಕೆ ಮರ್ಯಾದೆಗೆ ಅಂಜಿ ಸುಮ್ಮನಿದ್ದಿದ್ದರೆ ಈ ನಿಯಮ ನಮಗಾರಿಗೂ ಸಿಗುತ್ತಿರಲಿಲ್ಲ.

ಪಟ್ಟಿಯಲ್ಲಿ ಕಾಯುವಾಗ ಖಾಸಗಿ ಬಾಡಿಗೆಯೇ ಗತಿ. ಕಡಿಮೆ ವರಮಾನದವರಿಗೆ ಅದಕ್ಕೂ ಯೂನಿವರ್ಸಲ್ ಕ್ರೆಡಿಟ್ ಮೂಲಕ ನೆರವುಂಟು. ದುಡಿಯುವವರಿಗೂ ಉಂಟು ಎಂಬುದನ್ನು ಮರೆಯಬೇಡಿ. ಆದರೆ ಎರಡು ಕಟ್ಟುಗಳಿವೆ. ಒಂದು, ಪ್ರದೇಶಕ್ಕೆ ತಕ್ಕಂತೆ ಗೊತ್ತುಮಾಡಿದ ಬಾಡಿಗೆಯ ಮೇಲ್ಮಿತಿ. 35 ವರ್ಷ ತುಂಬದ ಒಂಟಿಗರಿಗೆ ಸಾಮಾನ್ಯವಾಗಿ ಹಂಚಿಕೊಂಡ ಮನೆಯ ಒಂದು ಕೋಣೆಯ ಲೆಕ್ಕ ಮಾತ್ರ. ಎರಡು, ಒಟ್ಟು ನೆರವಿನ ಮಿತಿ. 2023ರ ಏಪ್ರಿಲಿನಲ್ಲಿ ಲಂಡನ್ನಿನ ಕುಟುಂಬಗಳಿಗೆ ಇದನ್ನು ವರ್ಷಕ್ಕೆ 25,323 ಪೌಂಡು ಎಂದು ನಿಗದಿಮಾಡಿದರು. ದುಡಿಮೆಯಿಂದ ಒಂದು ಮಟ್ಟದ ಸಂಪಾದನೆಯಿದ್ದರೆ ಎರಡನೆಯ ಮಿತಿ ಅನ್ವಯಿಸುವುದಿಲ್ಲ.

ಹಿರಿಯರ ವಿಷಯ

ವಯಸ್ಸಾದವರಿಗೆ ಒಂದು ಬೇರೆ ಬಾಗಿಲಿದೆ. "ಷೆಲ್ಟರ್ಡ್ ಹೌಸಿಂಗ್" ಎನ್ನುತ್ತಾರೆ. ಹೆಸರು ಕೇಳಿ ವೃದ್ಧಾಶ್ರಮವೆಂದು ಗಾಬರಿಯಾಗಬೇಡಿ. ತಮ್ಮದೇ ಬಾಗಿಲು, ತಮ್ಮದೇ ಅಡುಗೆ ಒಲೆ ಇರುವ ಚಿಕ್ಕ ಫ್ಲ್ಯಾಟು. ತೊಂದರೆಯಾದರೆ ಎಳೆಯಲು ಒಂದು ಹಗ್ಗ, ವಿಚಾರಿಸಲು ಒಬ್ಬರು. ದೊಡ್ಡ ಕುಟುಂಬಗಳ ಮನೆಗೆ ಹೋಲಿಸಿದರೆ ಇದಕ್ಕೆ ಕಾಯುವ ಕಾಲ ಸಾಮಾನ್ಯವಾಗಿ ಕಡಿಮೆ. ಏಷ್ಯಾದ ಜನರಿಗೆಂದೇ 1970ರ ದಶಕದಲ್ಲಿ ಆಸ್ರಾ ಎಂಬ ವಸತಿ ಸಂಸ್ಥೆ ಹುಟ್ಟಿತು. 2017ರಲ್ಲಿ ಅದು ಮತ್ತೊಂದು ಸಂಸ್ಥೆಯೊಡನೆ ಸೇರಿ ಪಿ.ಎ. ಹೌಸಿಂಗ್ ಆಯಿತು. ಅಂದರೆ ನಮಗಿಂತ ಮೊದಲು ಬಂದವರು ನಾಚಿಕೆ ಬಿಟ್ಟು ಸಂಸ್ಥೆಯನ್ನೇ ಕಟ್ಟಿದರು! ಮಗನ ಮನೆಯ ಹಜಾರದ ಸೋಫಾದ ಮೇಲೆ ಮಲಗುವ ಅತ್ತೆ ಮಾವಂದಿರು, ಅದೇ ಹಜಾರದಲ್ಲಿ ಓದಬೇಕಾದ ಮೊಮ್ಮಕ್ಕಳು, ನಡುವೆ ಹೈರಾಣಾಗುವ ಸೊಸೆ - ಇಂಥ ಮನೆಯಲ್ಲಿ ಹಿರಿಯರು ಎರಡು ಬೀದಿಯಾಚೆ ತಮ್ಮದೇ ಫ್ಲ್ಯಾಟಿನಲ್ಲಿದ್ದು ದಿನಾ ಸಂಜೆ ಬಂದು ಹೋದರೆ ಯಾರ ಮಾನ ಹೋಗುತ್ತದೆ?

ಕಾಗದ ಕೊಡಿ

ಈಗ ಸ್ವಂತ ಮನೆಯುಳ್ಳ ಸದಸ್ಯರಿಗೆ ಒಂದು ಮಾತು. ಇದು ಕೆಲವರಿಗೆ ರುಚಿಸದು.

ಮೇಲೆ ಹೇಳಿದ ಎಲ್ಲ ಬಾಗಿಲುಗಳಿಗೂ ಒಂದೇ ಬೀಗದ ಕೈ: ಕಾಗದ. ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ? ಎಷ್ಟು ಬಾಡಿಗೆ ಕೊಡುತ್ತೀರಿ? ಎಷ್ಟು ಕೋಣೆ, ಎಷ್ಟು ಜನ? ಪ್ರತಿಯೊಂದಕ್ಕೂ ಪುರಾವೆ ಬೇಕು. ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಆರು ವರ್ಷದಿಂದ ವೆಂಬ್ಲಿಯಲ್ಲಿದ್ದಾರೆ. ಮೊದಲ ನಾಲ್ಕು ವರ್ಷ "ನಮ್ಮ ಕನ್ನಡದವರ" ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಕರಾರು ಬಾಯಿಮಾತಿನದು, ಬಾಡಿಗೆ ನಗದು, ಕೌನ್ಸಿಲ್ ತೆರಿಗೆಯ ಬಿಲ್ಲು ಮಾಲೀಕರ ಹೆಸರಿನಲ್ಲಿ. ಕೌನ್ಸಿಲಿನ ಲೆಕ್ಕದಲ್ಲಿ ಈ ಕುಟುಂಬ ಬ್ರೆಂಟಿಗೆ ಬಂದು ಎರಡೇ ವರ್ಷವಾಯಿತು. ನಾಲ್ಕು ವರ್ಷದ ಬಾಡಿಗೆಯ ಜೊತೆಗೆ ನಾಲ್ಕು ವರ್ಷದ ವಾಸವೂ ಗಾಳಿಗೆ ಹೋಯಿತು.

ಮಾಲೀಕರು ದುಷ್ಟರೆಂದು ನಾನು ಹೇಳುತ್ತಿಲ್ಲ. ಹೊಸಬರಿಗೆ ಮೊದಲ ತಿಂಗಳು ನಮ್ಮವರೇ ಆಸರೆಯಾದದ್ದು, ಸಾರು ಅನ್ನ ಹಾಕಿದ್ದು ನಿಜ. ಆದರೆ "ನಮ್ಮವರಲ್ಲವೇ, ಕಾಗದವೇಕೆ" ಎಂಬ ಆತ್ಮೀಯತೆಯ ಹಿಂದೆ ತೆರಿಗೆಯ ಭಯವೂ ಸ್ವಲ್ಪ ಅಡಗಿರುತ್ತದೆ. ಆ ಭಯಕ್ಕೆ ಬಹುಪಾಲು ಆಧಾರವಿಲ್ಲ. ತಾವೇ ವಾಸಿಸುವ ಮನೆಯಲ್ಲಿ ಸಾಮಾನು ಸಮೇತ ಕೋಣೆ ಬಾಡಿಗೆಗೆ ಕೊಡುವವರಿಗೆ, ವರ್ಷಕ್ಕೆ 7,500 ಪೌಂಡಿನವರೆಗಿನ ಬಾಡಿಗೆಗೆ ತೆರಿಗೆಯೇ ಇಲ್ಲ. 2016ರ ಏಪ್ರಿಲಿನಿಂದ ಮಿತಿ ಅಷ್ಟಿದೆ. ಒಂಟಿಯಾಗಿರುವ ಮಾಲೀಕರು ಕೌನ್ಸಿಲ್ ತೆರಿಗೆಯಲ್ಲಿ ನೂರಕ್ಕೆ 25ರ ರಿಯಾಯಿತಿ ಕಳೆದುಕೊಳ್ಳಬಹುದು, ನಿಜ. ಅದು ಅವರು ಕೊಡಬೇಕಾದ ಹಣವೇ. ಅದನ್ನು ಉಳಿಸಲು ಬಾಡಿಗೆದಾರರ ವರ್ಷಗಳನ್ನು ಒತ್ತೆಯಿಡುವುದು ನ್ಯಾಯವಲ್ಲ.

ಬಾಡಿಗೆಗೆಂದೇ ಎರಡನೆಯ ಮನೆ ಕೊಂಡವರ ಹೊಣೆ ಇನ್ನೂ ಹೆಚ್ಚು. ಬೇರೆ ಬೇರೆ ಕುಟುಂಬಕ್ಕೆ ಸೇರಿದ 5 ಅಥವಾ ಹೆಚ್ಚು ಜನ ಅಡುಗೆ ಮನೆ, ಬಚ್ಚಲು ಹಂಚಿಕೊಂಡು ಇರುವ ಮನೆಗೆ ಲೈಸೆನ್ಸು ಕಡ್ಡಾಯ. ಲೈಸೆನ್ಸಿಲ್ಲದೆ ನಡೆಸಿದರೆ ಬಾಡಿಗೆದಾರರು ನ್ಯಾಯಮಂಡಳಿಗೆ ಹೋಗಿ 12 ತಿಂಗಳವರೆಗಿನ ಬಾಡಿಗೆಯನ್ನು ವಾಪಸು ಪಡೆಯಲು ಅವಕಾಶವಿತ್ತು. 2025ರ ಕಾಯಿದೆ ಅದನ್ನು ಎರಡು ವರ್ಷಕ್ಕೆ ಏರಿಸಿದೆ. ಧರ್ಮದ ಮಾತು ಬೇಡವೆಂದರೂ ಲಾಭದ ಲೆಕ್ಕವೇ ಕಾಗದದ ಪರವಾಗಿದೆ.

ಕೊಡಬೇಕಾದ್ದು ಹೆಚ್ಚೇನಿಲ್ಲ: ಹೆಸರು, ವಿಳಾಸ, ಸೇರಿದ ದಿನ, ಬಾಡಿಗೆಯ ಮೊತ್ತ ಬರೆದು ಇಬ್ಬರೂ ರುಜು ಹಾಕಿದ ಒಂದು ಹಾಳೆ, ತಿಂಗಳಿಗೊಂದು ರಸೀತಿ, ಅಥವಾ ಬ್ಯಾಂಕಿನ ಮೂಲಕ ಬಾಡಿಗೆ. ಐದು ನಿಮಿಷದ ಕೆಲಸ. ಬಾಡಿಗೆದಾರರೂ ಕೇಳಲು ಸಂಕೋಚಪಡಬಾರದು.

ಕೆಲವು ಆಕ್ಷೇಪಗಳು

"ಹೇಗೂ ಸಿಗುವುದಿಲ್ಲ, ಅರ್ಜಿ ಏಕೆ?" ಎನ್ನುವವರಿದ್ದಾರೆ. ದೊಡ್ಡ ಮನೆ ಬೇಗ ಸಿಗದೆಂಬುದು ಸರಿ. ಆದರೆ ಒಂದೇ ಪಂಕ್ತಿಯವರಲ್ಲಿ ಕಾದ ಕಾಲವೇ ಸರದಿ; ಇಂದು ಹಾಕದವರು ಐದು ವರ್ಷದ ನಂತರವೂ ಆ ಪಂಕ್ತಿಯ ಕೊನೆಯಲ್ಲೇ ಇರುತ್ತಾರೆ. ಅರ್ಜಿಯ ನೆಪದಲ್ಲಿ ಬಾಡಿಗೆ ನೆರವು, ಕೌನ್ಸಿಲ್ ತೆರಿಗೆಯ ರಿಯಾಯಿತಿ ಮುಂತಾದವು ತಮಗೆ ಬರಬೇಕಿತ್ತೆಂದು ತಿಳಿದುಬರುವುದೂ ಉಂಟು.

"ನಾವು ತೆರಿಗೆ ಕಟ್ಟಿ ದುಡಿಯದವರನ್ನು ಸಾಕಬೇಕೇ?" ಎಂಬುದು ಇನ್ನೊಂದು. ನಾನು ಹೇಳುತ್ತಿರುವುದು ಮುಖ್ಯವಾಗಿ ದುಡಿಯುವವರ, ದುಡಿದು ದಣಿದವರ ವಿಷಯ. ಅವರೂ ತೆರಿಗೆ ಕಟ್ಟಿದ್ದಾರೆ. ಆಸ್ಪತ್ರೆ, ಶಾಲೆಗಳನ್ನು ಬಳಸುವಾಗ ನಾವಾರೂ ನಾಚುವುದಿಲ್ಲ. ಮನೆಗೆ ಮಾತ್ರ ಬೇರೆ ನ್ಯಾಯವೇಕೆ?

"ನಮ್ಮವರ ಹೆಸರು ಕೆಡುತ್ತದೆ" ಎಂಬುದು ಮೂರನೆಯದು. ಇದರಲ್ಲಿ ಒಂದಂಶ ನಿಜ: ಈ ದೇಶದಲ್ಲಿ ಹೊರಗಿನಿಂದ ಬಂದವರು ಮನೆಗಳನ್ನೆಲ್ಲ ಬಾಚಿಕೊಳ್ಳುತ್ತಾರೆಂದು ಕೂಗುವವರಿದ್ದಾರೆ. ಅದಕ್ಕೆ ಉತ್ತರ ನಿಯಮದಂತೆ, ಸತ್ಯ ಹೇಳಿ ಕೇಳುವುದು. ಕಿಟಕಿಯಿಲ್ಲದ ಹಿತ್ತಲ ಷೆಡ್ಡಿನಲ್ಲಿ ನಮ್ಮ ಮಕ್ಕಳು ಕೆಮ್ಮುತ್ತ ಬೆಳೆಯುವುದರಿಂದ ನಮ್ಮ ಹೆಸರು ಉಳಿಯುತ್ತದೆಯೇ?

ಸಂಘ ಮಾಡಬೇಕಾದ್ದು

ನಮ್ಮ ಸಂಘ ಮನೆ ಕಟ್ಟಲಾರದು. ಮೂರು ಕೆಲಸ ಮಾಡಬಲ್ಲದು. ಮೊದಲನೆಯದು, ಪ್ರತಿ ಕೂಟದಲ್ಲೂ ಒಂದು ಮೇಜು, ಎರಡು ಕುರ್ಚಿ: ಫಾರಂ ತುಂಬಲು, ಇಂಗ್ಲಿಷ್ ಪತ್ರ ಓದಿ ಹೇಳಲು, 21 ದಿನದ ಗಡುವು ನೆನಪಿಸಲು ಬಲ್ಲ ಇಬ್ಬರು ಸದಸ್ಯರು ಅಲ್ಲಿರಲಿ. ಕೇಳಿದ್ದು ಅಲ್ಲಿಗೇ ಮುಗಿಯಬೇಕು, ಊಟದ ಪಂಕ್ತಿಗೆ ಹೋಗಬಾರದು. ಕಾನೂನಿನ ತೊಡಕಿದ್ದರೆ ಸಿಟಿಜನ್ಸ್ ಅಡ್ವೈಸಿಗೋ, 1966ರಿಂದ ಈ ಕೆಲಸ ಮಾಡುತ್ತಿರುವ ಷೆಲ್ಟರ್ ಸಂಸ್ಥೆಗೋ ಕಳುಹಿಸಲಿ. ಅವರ ಸಲಹೆಗೆ ಹಣವಿಲ್ಲ. ಎರಡನೆಯದು, ಕೋಣೆ ಬಾಡಿಗೆಯ ಒಂದು ಸರಳ ಕರಾರಿನ ನಮೂನೆಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಈ ಪತ್ರಿಕೆಯ ಜೊತೆ ಹಂಚಲಿ. ಮೂರನೆಯದು, ಸಂಘದ ಪ್ರಕಟಣೆಗಳಲ್ಲಿ "ಕೋಣೆ ಬಾಡಿಗೆಗಿದೆ" ಎಂದು ಹಾಕಿಸುವವರು ಕಾಗದ ಕೊಡಲು ಒಪ್ಪಿದ್ದರೆ ಮಾತ್ರ ಹಾಕಲಿ.

ಈ ಮೂರನೆಯದಕ್ಕೆ ವಿರೋಧ ಬರುವುದೆಂದು ಬಲ್ಲೆ. ಬರಲಿ. ಮುಂದಿನ ಮಹಾಸಭೆಯಲ್ಲಿ ಇದನ್ನು ಗೊತ್ತುವಳಿಯಾಗಿ ಮಂಡಿಸಲು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ; ಅನುಮೋದಿಸಲು ಒಬ್ಬ ಸದಸ್ಯರು ಬೇಕು. ಸ್ವಂತ ಮನೆಯುಳ್ಳವರೊಬ್ಬರು ಮುಂದೆ ಬಂದರೆ ಅದರ ತೂಕವೇ ಬೇರೆ.